ಆಡೋರು ಹನ್ನೆರಡು ಮಂದಿ, ನೋಡೋರು ಇನ್ನೂರು

ಮೊದಲ ವರ್ಷ ನಮ್ಮ ಲಾರ್ಪ್, ಅಂದರೆ ವೇಷ ಹಾಕಿ ಪಾತ್ರವೇ ಆಗಿ ಆಡುವ ಆಟ, ಹನ್ನೊಂದನೇ ನಿಮಿಷಕ್ಕೆ ನಿಂತಿತು. ಬೆಳಗಾವಿಯ ಒಂದು ಬಾಡಿಗೆ ಹಾಲು, ಕಾಲೇಜು ಹುಡುಗರು ಸೇರಿ ಮಾಡಿದ ಒಂದು ದಿನದ ಅನಿಮೆ (ಜಪಾನಿನ ಕಾರ್ಟೂನು) ಮತ್ತು ಕಾಮಿಕ್ಸ್ ಮೇಳ. ಕತೆಯ ಪ್ರಕಾರ ರಾಜಮುದ್ರೆ ಕದ್ದವನು ಸ್ಟಾಲುಗಳ ನಡುವೆ ಓಡಬೇಕು, ಇಬ್ಬರು ಕಾವಲುಗಾರರು ಬೆನ್ನು ಹತ್ತಬೇಕು. ಹತ್ತಿದರು. ಅವರಲ್ಲೊಬ್ಬ ಹುರುಪು ತಡೆಯಲಾರದೆ "ಕಳ್ಳ! ಹಿಡೀರಿ ಅವನ್ನ!" ಎಂದು ಕೂಗಿದ. ಬಾಗಿಲ ಬಳಿ ಚಹಾ ಮಾರುತ್ತಿದ್ದ ಕಾಕಾ ಕೆಟಲು ಕೆಳಗಿಟ್ಟವನೇ ನಮ್ಮ ಕಳ್ಳನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಹುಡುಗ "ನಾ ಕ್ಯಾರೆಕ್ಟರ್‌ನಾಗ ಅದೀನಿ ಕಾಕಾ" ಎಂದ. "ಹೌದ? ಪೊಲೀಸ್ರು ಬರ್ಲಿ, ನಿನ್ನ ಕ್ಯಾರೆಕ್ಟರ್ ಎಂಥಾದ್ದಂತ ಅವರ ಮುಂದನ ಹೇಳು" ಎಂದ ಕಾಕಾ.

ಕಾಕಾ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಳ್ಳ ಅಂತ ಕೂಗು ಎದ್ದರೆ ಹಿಡಿಯುವ ಮನುಷ್ಯ ಊರಿಗೆ ಬೇಕು. ತಪ್ಪು ನಮ್ಮದು. ಆಡುವ ಹನ್ನೆರಡು ಮಂದಿಗೆ ಮೂರು ವಾರ ತಾಲೀಮು ಮಾಡಿಸಿದ್ದ ನಾವು, ಹಾಲಿನಲ್ಲಿದ್ದ ಉಳಿದ ಇನ್ನೂರು ಮಂದಿಯ ಬಗ್ಗೆ ಮೂರು ನಿಮಿಷವೂ ಯೋಚಿಸಿರಲಿಲ್ಲ. ಆಮೇಲೆ ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಾಗಲಕೋಟೆಯಿಂದಲೂ ವಿಜಯಪುರದಿಂದಲೂ "ನಮ್ಮೂರಾಗೂ ಮಾಡಬೇಕ್ರಿ, ಹೆಂಗ್ ಮಾಡೋದು?" ಎಂದು ಕೇಳುವವರಿದ್ದಾರೆ. ಪ್ರತಿ ಸಲ ಫೋನಿನಲ್ಲಿ ಒಂದು ತಾಸು ಹೇಳುವುದಕ್ಕಿಂತ ಇದು ವಾಸಿ.

ಮೊದಲು ಇದೇನೆಂದು ನೀವೇ ತಿಳಿಯಿರಿ

ಕಾಸ್‌ಪ್ಲೇ ಅಂದರೆ ಇಷ್ಟದ ಪಾತ್ರದ ವೇಷ ಹಾಕುವುದು. ವೇಷ ಹಾಕಿದವರು ಫೋಟೋಕ್ಕೆ ನಿಲ್ಲುತ್ತಾರೆ, ವೇದಿಕೆ ಹತ್ತುತ್ತಾರೆ, ಇಳಿದು ಬಂದು ಗಿರಮಿಟ್ಟು ತಿನ್ನುತ್ತಾರೆ. ಲಾರ್ಪ್‌ನಲ್ಲಿ (ಲೈವ್ ಆ್ಯಕ್ಷನ್ ರೋಲ್ ಪ್ಲೇ) ವೇಷ ಹಾಕಿದ ಮೇಲೆ ಕೆಲಸ ಶುರು. ಎರಡು ತಾಸು ನೀವು ಆ ಪಾತ್ರವೇ ಆಗಿ ಮಾತಾಡಬೇಕು, ಜಗಳ ಆಡಬೇಕು, ಸಂಧಾನ ಮಾಡಬೇಕು. ಬರೆದಿಟ್ಟ ಮಾತು ಇಲ್ಲ, ಎದುರಿಗೆ ಪ್ರೇಕ್ಷಕರೂ ಇಲ್ಲ. ನೋಡುವವರಿಗಾಗಿ ಮಾಡುವುದಲ್ಲ ಇದು, ಆಡುವವರು ಒಬ್ಬರಿಗೊಬ್ಬರು ಮಾಡಿಕೊಳ್ಳುವುದು. ತೊಡಕು ಹುಟ್ಟುವುದೂ ಇಲ್ಲೇ. ಮೇಳಕ್ಕೆ ಬಂದವರಿಗೆ ನಿಮ್ಮ ಕಿರೀಟ ಕಾಣುತ್ತದೆ, ನಿಮ್ಮ ಆಟದ ಗೆರೆ ಕಾಣುವುದಿಲ್ಲ.

ಈ ತೊಡಕು ನಮ್ಮೂರಿನದಷ್ಟೇ ಅಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನ ನಡೆದಾಗ ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಾಸ್ ಭವಿಷ್ಯದ ಕಾಲದ ಉಡುಪು ತೊಟ್ಟು ಹೋಗಿದ್ದರು. ಎರಡೂ ಉಡುಪನ್ನು ಹೊಲಿದವಳು ಮಿರ್ಟಲ್. ಅಂಥ ವೇಷ ಅಲ್ಲಿ ಬೇರೆ ಯಾರದೂ ಇರಲಿಲ್ಲ. ಮುಂದೆ 1974ರಲ್ಲಿ ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ ಅಚ್ಚಾಗಿ ಬಂತು. ಕೂತವರಿಗೆ ಎದ್ದು ಓಡುವ ಆಸೆ ಬರದೆ ಇರುತ್ತದೆಯೇ? 1982ರಲ್ಲಿ ಇಂಗ್ಲೆಂಡಿನ ಚೆಷೈರಿನ ಪೆಕ್‌ಫರ್ಟನ್ ಕೋಟೆಯೊಳಗೇ ಇಂಥ ಆಟ ಶುರುವಾಯಿತು. ಕೋಟೆಯೊಳಗೆ ಆಡಿದರೆ ತೊಂದರೆಯಿಲ್ಲ, ಅಲ್ಲಿ ಇರುವವರೆಲ್ಲ ಆಡುವವರೇ. 1990ರ ದಶಕದಲ್ಲಿ ಅಮೆರಿಕದ ಮೇಳಗಳ ಹೋಟೆಲ್ ಪಡಸಾಲೆಗಳಿಗೆ ವ್ಯಾಂಪೈರ್ ಆಟ (ರಕ್ತ ಹೀರುವ ಪಿಶಾಚಿಗಳಾಗಿ ಆಡುವ ಲಾರ್ಪ್) ಬಂತು ನೋಡಿ, ಆಗ ಆಡದವರ ಪ್ರಶ್ನೆ ಎದ್ದಿತು. ಆ ಆಟದ ನಿಯಮಗಳಲ್ಲಿ ಅದರ ಗುರುತಿದೆ: ಯಾರನ್ನೂ ಮುಟ್ಟಬಾರದು, ಆಯುಧ ಹಿಡಿಯಬಾರದು, ಹೊಡೆದಾಟ ಬಂದರೆ ಕಲ್ಲು-ಕಾಗದ-ಕತ್ತರಿ ಆಡಿ ತೀರಿಸಿಕೊಳ್ಳಬೇಕು. ಎದೆಯ ಮೇಲೆ ಕೈ ಕಟ್ಟಿದ ಪಾತ್ರ ಕಣ್ಣಿಗೆ ಕಾಣುತ್ತಿಲ್ಲ ಎಂದು ಲೆಕ್ಕ.

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಇನ್ನೂ ಹತ್ತಿರದ ದಾರಿಯಿದೆ. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿ ಬರುತ್ತದೆ. ಬಂಡಿಯ ಮೇಲೆ ನಿಂತವರು ಏನೇ ಸೋಗು ಹಾಕಿರಲಿ, ಓಣಿಯಲ್ಲಿ ಯಾರೂ ಬೆಚ್ಚುವುದಿಲ್ಲ. ಹಲಗಿ ಬಾರಿಸಿದ ಸಪ್ಪಳ ಮೊದಲೇ ಬಂದು ಸುದ್ದಿ ಮುಟ್ಟಿಸಿರುತ್ತದೆ. ಹಗಲುವೇಷದವರು ಊರಿಗೆ ಬಂದರೂ ಅಷ್ಟೇ. ಹಾರ್ಮೋನಿಯಂ ಮುಂದೆ, ವೇಷ ಹಿಂದೆ. ನಮ್ಮ ಆಟಕ್ಕೆ ಇಲ್ಲದಿದ್ದದ್ದು ಆ ಹಲಗಿ.

ಹಾಲಿನೊಳಗೆ ಮಾತಿನ ಆಟ, ಬಯಲಲ್ಲಿ ಕತ್ತಿಯ ಆಟ

ಈ ಎರಡನ್ನೂ ಬೆರೆಸಬೇಡಿ. ಮೇಳದ ಹಾಲಿನೊಳಗೆ ಓಡುವುದು, ಕೂಗುವುದು, ಬೀಸುವುದು ಇರುವ ಕತೆ ಬೇಡವೇ ಬೇಡ. ಸಂಧಾನ, ಪಿತೂರಿ, ಲಂಚ, ಗುಟ್ಟಿನ ಪತ್ರ, ಮದುವೆ ಮಾತುಕತೆ, ಇವು ಹಾಲಿಗೆ ಸರಿ. ಸಭೆ ನಡೆಯುವ ಮೂಲೆ ಒಂದು, ಅದರ ಸುತ್ತ ಎಂಟು-ಹತ್ತು ಕುರ್ಚಿ, ಹನ್ನೆರಡು ಮಂದಿ, ಎರಡು ತಾಸು. ಮೊದಲ ಸಲಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹನ್ನೆರಡು ಪಾತ್ರಕ್ಕೂ ಒಂದೊಂದು ಚೀಟಿ ಬರೆಯಿರಿ: ನೀವು ಯಾರು, ನಿಮಗೆ ಏನು ಬೇಕು, ಯಾರ ಗುಟ್ಟು ನಿಮ್ಮ ಹತ್ತಿರ ಇದೆ. ಮೂರು ಸಾಲು ಸಾಕು. ನಾಲ್ಕು ಪುಟ ಬರೆದುಕೊಟ್ಟರೆ ಯಾರೂ ಓದುವುದಿಲ್ಲ. ನಾನು ಬರೆದು ನೋಡಿದ್ದೇನೆ.

ಕತೆಗೆ ಹೆಸರಿಡುವಾಗ ಎಚ್ಚರ. ಕಿತ್ತೂರು ಪಕ್ಕದಲ್ಲೇ ಇದೆ, 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕತೆ ಎಲ್ಲರಿಗೂ ಗೊತ್ತು, ಅದನ್ನೇ ಆಡೋಣ ಎಂದು ಪ್ರತಿ ವರ್ಷ ಒಬ್ಬರಾದರೂ ಹೇಳುತ್ತಾರೆ. ಬೇಡ. ಚೆನ್ನಮ್ಮ, ರಾಯಣ್ಣ, ಶಿವಾಜಿ ಇವರು ಈ ಜಿಲ್ಲೆಯಲ್ಲಿ ಕತೆಯ ಪಾತ್ರಗಳಲ್ಲ, ಜನ ಕೈ ಮುಗಿಯುವವರು. ಲಾರ್ಪ್‌ನಲ್ಲಿ ಯಾರು ಗೆಲ್ಲುತ್ತಾರೆ, ಯಾರು ಏನು ಮಾತಾಡುತ್ತಾರೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ರಾಯಣ್ಣನ ಪಾತ್ರ ಹಾಕಿದ ಹುಡುಗ ಆಟದ ಬಿಸಿಯಲ್ಲಿ ಲಂಚ ತಗೊಂಡ ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ ನಿಂತವರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದರೆ ಸಂಜೆಯೊಳಗೆ ನಿಮ್ಮ ಆಟ ಬೇರೆಯೇ ಸುದ್ದಿ ಆಗಿರುತ್ತದೆ. ಇಲ್ಲದ ರಾಜ್ಯ ಕಟ್ಟಿ, ಇಲ್ಲದ ನದಿ ಹರಿಸಿ, ಆ ನದಿಯ ನೀರಿಗೆ ಜಗಳ ಆಡಿ. ನದಿ ನೀರಿನ ಜಗಳ ನಮಗೆ ಯಾರೂ ಕಲಿಸಬೇಕಿಲ್ಲ.

ಬಯಲಿನ ಕತ್ತಿಯಾಟಕ್ಕೆ ಯಾರದಾದರೂ ಹೊಲ, ಇಲ್ಲವೇ ಕಾಲೇಜಿನ ಮೈದಾನ, ಕೇಳಿಕೊಂಡೇ. ಕೋಟೆಗೆ ಹೋಗಬೇಡಿ. ಬೆಳಗಾವಿ ಕೋಟೆ, ಕಮಲಬಸ್ತಿ, ಬಾದಾಮಿಯ ಗುಹೆ, ಬಾರಾ ಕಮಾನು, ಗೋಳಗುಮ್ಮಟ, ಎಲ್ಲವೂ ಕಣ್ಣಿಗೆ ಸಿದ್ಧ ಸೆಟ್ಟಿನಂತೆ ಕಾಣುತ್ತವೆ ನಿಜ. ಆದರೆ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಕಾರ್ಯಕ್ರಮ ನಡೆಸುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ನೋಡಲು ದೂರದಿಂದ ಬಂದ ಸಂಸಾರಕ್ಕೆ ನಿಮ್ಮ ಸೇನಾಪತಿಯ ಆರ್ಭಟ ಯಾಕೆ ಬೇಕು? ಬೆಳಗಾವಿಯವರಿಗೆ ಇನ್ನೊಂದು ಮಾತು. ಇದು ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಊರು. ಕ್ಯಾಂಪಿನ ಸುತ್ತಮುತ್ತ ಆಟ ಬೇಡ, ಮಿಲಿಟರಿ ಅಥವಾ ಪೊಲೀಸ್ ಸಮವಸ್ತ್ರದ ಪಾತ್ರ ಎಲ್ಲಿಯೂ ಬೇಡ.

ದಿನ ಗೊತ್ತು ಮಾಡುವಾಗ ಮಳೆಗಾಲ ಬಿಡಿ, ಗಣಪತಿ ಹಬ್ಬ ಬಿಡಿ, ನವೆಂಬರ್ 1ರ ಆಚೀಚೆ ಬಿಡಿ, ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ಇದ್ದರೆ ಅದನ್ನೂ ಬಿಡಿ. ಜನವರಿ, ಫೆಬ್ರವರಿ ಉಳಿಯುತ್ತದೆ. ವಿಜಯಪುರದವರು ಮಾರ್ಚಿಗೆ ಮುಂದೂಡಬೇಡಿ. ಜರಿ ಅಂಗಿಯೊಳಗೆ ಬೆಂದು ಹೋಗುತ್ತೀರಿ.

ಸಾರಥಿಯನ್ನು ಮೊದಲು ಆರಿಸಿ, ರಾಜನನ್ನು ಆಮೇಲೆ

ನನ್ನ ಪ್ರಕಾರ ಈ ಲೇಖನದಲ್ಲಿ ಒಂದೇ ಒಂದು ಭಾಗ ಓದಿದರೆ ಸಾಕು ಅನ್ನುವುದಾದರೆ ಅದು ಇದು.

ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುತ್ತಾನೆ: "ಬಂದಂಥವರು ಧಾರು? ತಮ್ಮ ಸ್ಥಳ ಯಾವುದು?" ರಾಜನಿಗೆ ತಾನು ಯಾರೆಂದು ಗೊತ್ತು, ಸಾರಥಿಗೂ ಗೊತ್ತು. ಆದರೂ ಕೇಳುವುದು ಹಿಂದೆ ಚಾಪೆ ಮೇಲೆ ಕೂತವರ ಪರವಾಗಿ. ನಮ್ಮ ಆಟಕ್ಕೂ ಅಂಥ ಒಬ್ಬರು ಬೇಕು. ವೇಷ ಹಾಕದ, ಆಟದಲ್ಲಿ ಇಲ್ಲದ, ನೋಡುವವರ ಪಕ್ಕದಲ್ಲಿ ನಿಂತು ಮಾತಾಡುವ ಒಬ್ಬರು. ಆಟ ನಡೆಸುವ ಜಿಎಂ (ಗೇಮ್ ಮಾಸ್ಟರ್) ಬೇರೆ. ಅವರ ತಲೆ ಕತೆಯೊಳಗೆ ಸಿಕ್ಕಿರುತ್ತದೆ. ಸಾರಥಿಯ ತಲೆ ಖಾಲಿ ಇರಬೇಕು, ಬಾಯಿ ಸಿಹಿ ಇರಬೇಕು.

ಹನ್ನೆರಡು ಆಟಗಾರರಿಗೆ ಇಬ್ಬರು ಸಾರಥಿಗಳು. ಅವರ ಕೆಲಸ ಇಷ್ಟು. ಆಟಕ್ಕೆ ಅರ್ಧ ತಾಸು ಮುಂಚೆ ಪ್ರತಿ ಸ್ಟಾಲಿಗೂ, ವಾಚ್‌ಮನ್‌ಗೂ, ಚಹಾದವರಿಗೂ, ನೆಲ ಒರೆಸುವ ಅಕ್ಕನಿಗೂ ಹೋಗಿ ಹೇಳುವುದು: "ಇವತ್ತ ಹನ್ನೊಂದರಿಂದ ಒಂದರ ತನಕ ಆ ಮೂಲ್ಯಾಗ ಒಂದು ಆಟ ನಡೀತದ್ರಿ. ಬದನೀಕಾಯಿ ಬಣ್ಣದ ಪಟ್ಟಿ ಕಟ್ಟಿದವ್ರು ಜಗಳಾ ಆಡಿದ್ರ ಖರೇ ಜಗಳಾ ಅಲ್ರಿ. ಪಟ್ಟಿ ಇಲ್ದಾವ್ರು ಜಗಳಾ ಆಡಿದ್ರ ಖರೇನ." ಕೊನೆಯ ವಾಕ್ಯಕ್ಕೆ ಜನ ನಗುತ್ತಾರೆ, ನಕ್ಕವರು ಮರೆಯುವುದಿಲ್ಲ. ಇದನ್ನೇ ಮರಾಠಿಯಲ್ಲೂ ಹೇಳಬಲ್ಲ ಒಬ್ಬರು ಬೇಕು. ಬೆಳಗಾವಿಯ ಮೇಳದಲ್ಲಿ ಅರ್ಧ ಸ್ಟಾಲು ಕನ್ನಡದಲ್ಲಿ ಬೆಲೆ ಹೇಳಿ ಮರಾಠಿಯಲ್ಲಿ ಚಿಲ್ಲರೆ ಎಣಿಸುತ್ತವೆ.

ಪಟ್ಟಿಯ ಬಣ್ಣ ಬದನೆಕಾಯಿಯದೇ ಯಾಕೆ ಎಂದರೆ, ಉಳಿದದ್ದು ಅದೊಂದೇ. ಹಳದಿ-ಕೆಂಪು ಅಂದರೆ ಒಂದು ಅರ್ಥ, ಕೇಸರಿ ಅಂದರೆ ಇನ್ನೊಂದು, ಹಸಿರು, ನೀಲಿ, ಬಿಳಿ, ಕಪ್ಪು ಒಂದೊಂದಕ್ಕೂ ಒಂದೊಂದು ಮೆರವಣಿಗೆ ನೆನಪಾಗುತ್ತದೆ. ಕಮಿಟಿ ಮೀಟಿಂಗು ಎರಡು ತಾಸು ನಡೆದದ್ದು ಕತೆಗಲ್ಲ, ಈ ಪಟ್ಟಿಗೆ. ಎರಡು ಬೆರಳಗಲದ ಪಟ್ಟಿ, ಬಲತೋಳಿಗೆ, ಅಂಗಿಯ ಮೇಲೆ. ಶಾಲು ಹೊದ್ದರೆ ಶಾಲಿನ ಮೇಲೆ.

ಮೂರು ಗುರುತು, ಎರಡು ಮಾತು

ಆಟದಿಂದ ಹೊರಗೆ ಇದ್ದೀನಿ ಎನ್ನಲು ಒಂದು ಕೈಗುರುತು ಬೇಕು. ಬಾತ್‌ರೂಮಿಗೆ ಹೋಗಬೇಕು, ಅಮ್ಮನ ಫೋನು ಬಂದಿದೆ, ದಾರಿ ದಾಟಬೇಕು. ನಾವು ಮೊದಲು ತಲೆಯ ಮೇಲೆ ಕೈ ಇಡುವುದು ಎಂದು ಗೊತ್ತು ಮಾಡಿದ್ದೆವು, ಬೇರೆ ದೇಶಗಳಲ್ಲಿ ಹಾಗೆ ಮಾಡುತ್ತಾರೆ. ನಮ್ಮಲ್ಲಿ ತಲೆ ಮೇಲೆ ಕೈ ಇಟ್ಟುಕೊಂಡು ಹೊರಟ ಹುಡುಗಿಯನ್ನು ಇಬ್ಬರು ಹೆಂಗಸರು ತಡೆದು, "ಯಾಕವಾ, ಏನಾತು? ಯಾರಿಗೇನಾತು?" ಎಂದು ನೀರು ಕುಡಿಸಿದರು. ಈಗ ಅಂಗೈ ಮುಷ್ಟಿ ಮಾಡಿ ಎದೆಗೆ ಇಡುತ್ತೇವೆ.

ಎರಡನೆಯದು ಹೆಬ್ಬೆರಳು-ತೋರುಬೆರಳು ಸೇರಿಸಿ ಎದುರಿನವರಿಗೆ ತೋರಿಸುವುದು: ಆರಾಮ ಇದ್ದೀರಾ? ಎದುರಿನವರು ಹೆಬ್ಬೆರಳು ಮೇಲೆ ಮಾಡಿದರೆ ಆಟ ಮುಂದುವರಿಯಲಿ. ಕೆಳಗೆ ಮಾಡಿದರೆ ಅಥವಾ ಅನುಮಾನಿಸಿದರೆ ಹೊರಗೆ ಕರೆದುಕೊಂಡು ಹೋಗಿ. ಅತ್ತು ನಟಿಸುವವರೂ ನಿಜವಾಗಿ ಅಳುವವರೂ ಒಂದೇ ಥರ ಕಾಣುವ ಆಟ ಇದು, ಅದಕ್ಕೇ ಈ ಗುರುತು. ಮೂರನೆಯದು ಎರಡೂ ಕೈ ಮೇಲೆತ್ತುವುದು, ಕಂಡವರೆಲ್ಲ ಹಾಗೇ ಎತ್ತಿ ಸುಮ್ಮನಾಗಬೇಕು.

ಮಾತು ಎರಡು. ಉತ್ತರ ಯುರೋಪಿನ ಲಾರ್ಪ್‌ಗಳಲ್ಲಿ ಪೂರಾ ನಿಲ್ಲಿಸಲು ಒಂದು ಶಬ್ದ, ನಿಧಾನಿಸಲು ಒಂದು ಶಬ್ದ ಇಟ್ಟುಕೊಳ್ಳುತ್ತಾರೆ. ನಾವು "ಸಾಕು" ಎಂದು ಇಟ್ಟು ಕೆಟ್ಟೆವು. ಪಾತ್ರಗಳು ಜಗಳದಲ್ಲಿ ನೂರು ಸಲ "ಸಾಕು ನಿಲ್ಲಿಸು" ಎನ್ನುತ್ತವೆ. ಈಗ ನಿಲ್ಲಿಸಲು "ಟೈಂಪ್ಲೀಸ್". ಓಣಿಯಲ್ಲಿ ಆಡಿ ಬೆಳೆದವರಿಗೆ ಆ ಶಬ್ದ ಕೇಳಿದ ಕೂಡಲೇ ಕಾಲು ತಾನಾಗಿ ನಿಲ್ಲುತ್ತದೆ, ಹೊಸದಾಗಿ ಕಲಿಸುವ ಪ್ರಮೇಯವೇ ಇಲ್ಲ. ನಿಧಾನಿಸಲು "ಸಾವಕಾಶ". ಮತ್ತೆ ಹಾಲಿನಲ್ಲಿ ನಿಷಿದ್ಧವಾದ ಶಬ್ದಗಳ ಪಟ್ಟಿ ಒಂದಿದೆ: ಕಳ್ಳ, ಬೆಂಕಿ, ಬಾಂಬು, ಪೊಲೀಸು, ಡಾಕ್ಟರು. ಕತೆಯಲ್ಲಿ ಕಳ್ಳ ಬರಬೇಕಾದರೆ ಅವನನ್ನು "ದ್ರೋಹಿ" ಎನ್ನಿ. ದ್ರೋಹಿಯನ್ನು ಹಿಡಿಯಲು ಚಹಾದ ಕಾಕಾ ಕೆಟಲು ಕೆಳಗಿಡುವುದಿಲ್ಲ.

ಕತ್ತಿ ಕಟ್ಟುವ ಬಗೆ

ಲೋಹದ್ದು ಬೇಡ. ಮೊಂಡು ಮಾಡಿದ್ದೂ ಬೇಡ, ಅಜ್ಜನ ಕಾಲದ್ದೂ ಬೇಡ. ಕತ್ತಿ, ಕಠಾರಿ ಶಸ್ತ್ರಾಸ್ತ್ರ ಕಾಯ್ದೆಯ ಒಳಗೆ ಬರುತ್ತವೆ. ಫೋಮಿನ ಕತ್ತಿಯನ್ನು ಆಡುವವರು ಬಾಫರ್ ಎನ್ನುತ್ತಾರೆ, ಅದನ್ನು ಒಂದು ಸಂಜೆಯಲ್ಲಿ ಕಟ್ಟಬಹುದು.

ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪು ತನ್ನಿ, ಹೊಸದು. ಬಿಸಿಲಲ್ಲಿ ಬಿದ್ದ ಹಳೆಯ ಪೈಪು ಹೊಡೆತಕ್ಕೆ ಚೂಪಾಗಿ ಸೀಳುತ್ತದೆ. ಎರಡೂವರೆ ಅಡಿಗೆ ಕತ್ತರಿಸಿ ಎರಡೂ ತುದಿಗೆ ಕ್ಯಾಪು ಹಾಕಿ. ಕ್ಯಾಪು ಹಾಕದ ಪೈಪು ನಾಲ್ಕು ಏಟಿಗೆ ಫೋಮನ್ನು ಒಳಗಿನಿಂದ ಕೊರೆದು ಹೊರಗೆ ಬರುತ್ತದೆ. ಏಸಿ ರಿಪೇರಿಯವರ ಹತ್ತಿರ ತಾಮ್ರದ ಪೈಪಿಗೆ ಸುತ್ತುವ ಕಪ್ಪು ಫೋಮಿನ ಕೊಳವೆ ಸಿಗುತ್ತದೆ. ಗೋಡೆ ಮುಕ್ಕಾಲು ಇಂಚು ದಪ್ಪ ಇರುವುದನ್ನು ಕೇಳಿ ತನ್ನಿ. ಹಿಡಿಕೆಗೆ ಒಂದು ಗೇಣು ಬಿಟ್ಟು ಉಳಿದ ಪೈಪಿಗೆ ತೊಡಿಸಿ, ತುದಿಯಲ್ಲಿ ಎರಡು ಇಂಚು ಹೊರಗೆ ಚಾಚಲಿ. ಆ ಖಾಲಿ ಜಾಗಕ್ಕೆ ಗಾದಿಯ ಸ್ಪಂಜು ತುಂಬಿ, ಮೇಲೊಂದು ಸ್ಪಂಜಿನ ಟೊಪ್ಪಿಗೆ ಇಡಿ. ಟೇಪನ್ನು ಸುತ್ತಿ ಸುತ್ತಿ ಬಿಗಿಯಬೇಡಿ, ಹಾಗೆ ಮಾಡಿದರೆ ಫೋಮು ಕಟ್ಟಿಗೆಯಾಗುತ್ತದೆ. ಉದ್ದುದ್ದಕ್ಕೆ ಪಟ್ಟಿ ಪಟ್ಟಿಯಾಗಿ ಅಂಟಿಸಿ. ಕೊನೆಗೆ ಹಳೆ ಬೆಡ್‌ಶೀಟಿನಿಂದ ಒಂದು ಗವಸು ಹೊಲಿದು ತೊಡಿಸಿ.

ಪರೀಕ್ಷೆ ಹೀಗೆ: ಕಟ್ಟಿದವರು ತಮ್ಮ ಬರಿ ತೊಡೆಗೆ ತಾವೇ ಜೋರಾಗಿ ಹೊಡೆದುಕೊಳ್ಳಬೇಕು. ಮುಖ ಕಿವುಚಿದರೆ ಕತ್ತಿ ಫೇಲು. ತಲೆ, ಕೊರಳು, ತೊಡೆಸಂದಿಗೆ ಹೊಡೆಯುವಂತಿಲ್ಲ, ತಿವಿಯುವಂತಿಲ್ಲ. ಪ್ರತಿ ಆಟದ ಮುಂಚೆ ಹಿಚುಕಿ ನೋಡಿ, ಒಳಗಿನ ಪೈಪು ಬೆರಳಿಗೆ ಹತ್ತಿದರೆ ಕಸಕ್ಕೆ.

ಬಣ್ಣದ ವಿಷಯಕ್ಕೆ ಬಂದರೆ, ಬೆಳ್ಳಿ ಬಣ್ಣ ಹೊಡೆಯಬೇಡಿ ಎಂದೇ ನನ್ನ ಸಲಹೆ, ಇದಕ್ಕೆ ನಮ್ಮವರೇ ಒಪ್ಪುವುದಿಲ್ಲ. ಹತ್ತು ಮಾರು ದೂರದಿಂದ ನಿಜ ಅನ್ನಿಸುವ ಕತ್ತಿ ಫೋಟೋಕ್ಕೆ ಚೆಂದ, ವಾಚ್‌ಮನ್‌ಗೆ ಅಲ್ಲ. ಬೆಂಗಳೂರಿನ ಮೇಳಕ್ಕೆಂದು ಒಮ್ಮೆ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಆರು ಕತ್ತಿ ಚಾದರದಲ್ಲಿ ಸುತ್ತಿ ಒಯ್ದಿದ್ದೆವು. ಧಾರವಾಡ ದಾಟುವಷ್ಟರಲ್ಲಿ ಚಾದರ ಜಾರಿ ಒಂದು ತುದಿ ಹೊರಗೆ ಬಂತು. ಎದುರಿನ ಸೀಟಿನ ಅಜ್ಜ ಅದನ್ನೇ ನೋಡುತ್ತಿದ್ದವರು ಕೊನೆಗೆ ಕೈ ಚಾಚಿ ಹಿಚುಕಿ, "ಯಾವ ನಾಟಕಾ ತಮ್ಮಾ?" ಎಂದು ಕೇಳಿದರು. ನಾಟಕ ಅಲ್ಲ ಎಂದು ತಿಳಿಸಲು ಹಾವೇರಿ ತನಕ ಹೊತ್ತು ಹಿಡಿಯಿತು, ಅವರು ಕೊನೆಗೂ ನಾಟಕ ಎಂದೇ ನಂಬಿ ಮಲಗಿದರು. ಹಾಲಿನೊಳಗೆ ಕತ್ತಿ ಒರೆಯಲ್ಲೇ ಇರಬೇಕು, ಹಿಡಿಕೆಗೂ ಒರೆಗೂ ದಾರ ಕಟ್ಟಿ ಗಂಟು ಹಾಕಿರಬೇಕು.

ವೇಷ

ಇದರಲ್ಲಿ ನಾವು ಬೆಂಗಳೂರಿನವರಿಗಿಂತ ಮುಂದೆ, ಸುಮ್ಮನೆ ಹೇಳುತ್ತಿಲ್ಲ. ಗುಳೇದಗುಡ್ಡದ ಖಣ ಇದೆ, ಇಳಕಲ್ಲಿನ ಸೆರಗು ಇದೆ, ಕುರಿಯ ಕಂಬಳಿ ಇದೆ, ಪಟಗಾ ಇದೆ. ಖಣವನ್ನು ಅಂಚಿಗೆ, ತೋಳಿಗೆ, ಸೊಂಟಪಟ್ಟಿಗೆ ಹಚ್ಚಿದರೆ ಯಾವ ದೇಶದ ರಾಜನಾದರೂ ಒಂದು ಕ್ಷಣ ನಿಂತು ನೋಡುತ್ತಾನೆ. ಅವ್ವನ ಇಳಕಲ್ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ, ನಿರಿಗೆ ಹಿಡಿದು ಪಿನ್ನು ಚುಚ್ಚಿ ಸಂಜೆ ಮಡಚಿಟ್ಟುಬಿಡಿ. ಡ್ರಾಮಾ ಡ್ರೆಸ್ ಬಾಡಿಗೆಗೆ ಕೊಡುವವರ ಹತ್ತಿರ ಕಿರೀಟ, ಭುಜಕೀರ್ತಿ ಸಿಗುತ್ತವೆ, ಆದರೆ ಅವು ರಾತ್ರಿಯ ದೀಪಕ್ಕೆ, ದೂರದ ಕಣ್ಣಿಗೆ ಮಾಡಿದವು. ಎರಡು ಅಡಿ ದೂರದಲ್ಲಿ ನಿಂತು ಗುಟ್ಟು ಹೇಳುವವರ ಮೇಲೆ ಥರ್ಮಾಕೋಲು ಕಾಣುತ್ತದೆ. ಕಾಲಿಗೆ ದಿನಾ ಹಾಕುವ ಚಪ್ಪಲಿಯೇ ಇರಲಿ.

ನೋಡುವವರು ಯಾರು ಯಾರು

ಮೇಳಕ್ಕೆ ಬಂದವರೆಲ್ಲ ನಿಮ್ಮನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತು ನೋಡಿದ್ದರಿಂದ ಕೆಲವರು ನನಗೆ ಮುಖ ನೋಡಿದ ಕೂಡಲೇ ತಿಳಿಯುತ್ತಾರೆ.

ಮೊದಲನೆಯವರು ಸೆಲ್ಫಿಯವರು. ನಿಮ್ಮ ರಾಣಿ ಯುದ್ಧ ಸಾರುವ ಮಾತಿನ ನಡುವೆ ಇದ್ದಾಗ ಭುಜಕ್ಕೆ ಕೈ ಹಾಕಿ ಮೊಬೈಲು ಎತ್ತುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ; ಪಕ್ಕದಲ್ಲಿ ಕಾಸ್‌ಪ್ಲೇಯವರು ನಗುನಗುತ್ತ ನಿಂತು ಕೊಟ್ಟಿರುತ್ತಾರೆ, ಇವಳೂ ಕೊಡುತ್ತಾಳೆ ಅಂದುಕೊಂಡಿರುತ್ತಾರೆ. ಬೈಯಬೇಡಿ. ಸಾರಥಿ ಹೋಗಿ "ಒಂದಕ್ಕ ಮುಗೀತದ್ರಿ, ಆಮ್ಯಾಲ ಎಲ್ಲಾರೂ ನಿಂತು ಫೋಟೋ ಕೊಡ್ತಾರ" ಎನ್ನಲಿ, ಮತ್ತು ಒಂದಕ್ಕೆ ನಿಜವಾಗಿಯೂ ನಿಂತು ಕೊಡಿ. ಆದರೆ ಭುಜಕ್ಕೆ ಕೈ ಹಾಕಿದ್ದು ಬೇರೆ ವಿಷಯ. ವೇಷ ಹಾಕಿದವರನ್ನು ಕೇಳದೆ ಮುಟ್ಟಬಾರದು ಎಂಬ ಫಲಕಗಳನ್ನು 2014ರಲ್ಲಿ ನ್ಯೂಯಾರ್ಕಿನ ಕಾಮಿಕ್ ಕಾನ್‌ನಲ್ಲಿ ದೊಡ್ಡದಾಗಿ ನಿಲ್ಲಿಸಿದ್ದರು. ನಮ್ಮ ಫಲಕದ ಮೇಲೆ ಹೀಗಿದೆ: "ವೇಷ ನೋಡಾಕ ಐತಿ, ಮುಟ್ಟಾಕ ಅಲ್ಲ." ಬಾಗಿಲಲ್ಲೇ, ಎದೆಮಟ್ಟಕ್ಕೆ. ಹುಡುಗಿಯರ ಹಿಂದೆ ಹಿಂದೆ ಸುತ್ತುವವರನ್ನು ಆಟದ ಮಾತಿನಲ್ಲಿ ಓಡಿಸಲು ಹೋಗಬೇಡಿ. ಅಲ್ಲಿ ಟೈಂಪ್ಲೀಸ್, ಸಾರಥಿ, ಮೇಳದವರು, ಬಾಗಿಲು, ಈ ಕ್ರಮದಲ್ಲಿ.

ಚಿಕ್ಕ ಮಕ್ಕಳು ಎರಡನೆಯವರು. ಮೂರು ವರ್ಷದವು ಮುಖಕ್ಕೆ ಬಣ್ಣ ಹಚ್ಚಿದ ರಾಕ್ಷಸನನ್ನು ಕಂಡು ಕಿರುಚುತ್ತವೆ. ಏಳು ವರ್ಷದವು ರಾಕ್ಷಸನ ಕತ್ತಿ ಬೇಕೆಂದು ಕಿರುಚುತ್ತವೆ. ಮೊದಲನೆಯವಕ್ಕೆ ಮಂಡಿಯೂರಿ ಕೂತು ಮುಖವಾಡ ತೆಗೆದು ತೋರಿಸಿ, ಆಟ ಎಲ್ಲಿಗೇ ಬಂದಿರಲಿ. ಮೊಹರಮ್ಮಿನಲ್ಲಿ ಹುಲಿವೇಷ ಹಾಕಿದವರು ಹಾಗೇ ಮಾಡುವುದನ್ನು ನೋಡಿದ್ದೇನೆ. ಎರಡನೆಯವಕ್ಕೆ ಬಿಡಿ ಫೋಮಿನ ತುಂಡು ಎರಡು ಚೀಲದಲ್ಲಿ ಇಟ್ಟಿರಿ.

ಮೂರನೆಯವರು ಕಾಸ್‌ಪ್ಲೇಯವರು, ಇವರ ದೂರು ನ್ಯಾಯದ್ದು. ಆರು ತಿಂಗಳು ಕೂತು ಕವಚ ಮಾಡಿ ತಂದ ಹುಡುಗನ ಮುಂದೆ ನಿಮ್ಮ ಸಭೆ ಗದ್ದಲ ಎಬ್ಬಿಸಿದರೆ ಕ್ಯಾಮೆರಾ ಎಲ್ಲ ಈ ಕಡೆ ತಿರುಗುತ್ತವೆ. ಸ್ಪರ್ಧೆಯ ಹೊತ್ತಿಗೆ ಆಟ ಇಡಬೇಡಿ, ಅಷ್ಟೇ.

ನಾಲ್ಕನೆಯವರು ಚುಡಾಯಿಸುವವರು. ವಿಚಿತ್ರ ಎಂದರೆ ಇವರು ಹೊರಗಿನವರಲ್ಲ, ತಾವೂ ಅನಿಮೆ ನೋಡುವವರು, ಮೈಮೇಲೆ ಅದರ ಚಿತ್ರದ ಟಿ-ಶರ್ಟೇ ಇರುತ್ತದೆ. ತಮಗಿಂತ ಒಂದು ಹೆಜ್ಜೆ ಮುಂದೆ ಹೋದವರನ್ನು ಕಂಡರೆ ಅವರಿಗೆ ಮುಜುಗರ, ಎಲ್ಲಿ ಜನ ತಮ್ಮನ್ನೂ ಇವರ ಜೊತೆ ಸೇರಿಸಿಬಿಡುತ್ತಾರೋ ಎಂದು. ಇಂಥವರ ಮೂದಲಿಕೆಗೆ ಪಾತ್ರವಾಗಿ ಉತ್ತರ ಕೊಡಬೇಡಿ, ಕೊಟ್ಟಷ್ಟೂ ಅವರಿಗೆ ಪ್ರೇಕ್ಷಕರು ಸೇರುತ್ತಾರೆ. ಮುಂದಿನ ಆಟಕ್ಕೆ ಒಂದು ಚೀಟಿ ಕೈಗಿಡಿ. ಪ್ರತಿ ವರ್ಷ ಅವರಲ್ಲಿ ಒಬ್ಬಿಬ್ಬರು ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಾರೆ, ಹಾಗೆ ಬಂದವರು ಉಳಿದವರಿಗಿಂತ ಚಲೋ ಆಡುತ್ತಾರೆ.

ಕೊನೆಯವರು ಮಕ್ಕಳನ್ನು ಕರೆತಂದ ಹಿರಿಯರು. ಮೇಳದಲ್ಲಿ ಅವರಿಗೆ ಏನೊಂದೂ ತಿಳಿಯುವುದಿಲ್ಲ, ಜಪಾನಿನ ಹೆಸರು ಬಾಯಿಗೆ ಬರುವುದಿಲ್ಲ, ಕುರ್ಚಿ ಹುಡುಕುತ್ತ ನಮ್ಮ ಮೂಲೆಗೆ ಬರುತ್ತಾರೆ. ಬಂದವರು ಏಳುವುದಿಲ್ಲ. ಬೈಲಹೊಂಗಲ ಕಡೆಯ ಒಬ್ಬ ಅಜ್ಜಿ ಎರಡು ತಾಸು ಕೂತು ನೋಡಿ, ಮಂತ್ರಿಯ ಪಾತ್ರದವನನ್ನು ಕರೆದು, "ಆ ಹಳದಿ ಪಟಗಾದಾವ ನಿನ್ನ ಮುಂದೊಂದು ಹಿಂದೊಂದು ಹೇಳಾಕತ್ತಾನ, ನಂಬಬ್ಯಾಡ" ಎಂದು ಎಚ್ಚರಿಸಿದರು. ಹಳದಿ ಪಟಗಾದವನ ಪಿತೂರಿ ಅಲ್ಲಿಗೆ ಹಾಳಾಯಿತು. ಇದಕ್ಕೆ ನಿಯಮ ಏನು ಮಾಡಬೇಕೆಂದು ಕಮಿಟಿಯಲ್ಲಿ ಚರ್ಚೆ ಆಯಿತು. ಅಜ್ಜಿ ಹೇಳಿದ್ದು ಆಟದಲ್ಲಿ ಜಮಾ ಎಂದು ತೀರ್ಮಾನಿಸಿದೆವು.

ವೇಷ ಕಳಚಿದ ಮೇಲೆ

ಆಟ ಮುಗಿದ ಕೂಡಲೇ ಚದುರಿ ಹೋಗಬೇಡಿ. ಹನ್ನೆರಡೂ ಮಂದಿ ಬಣ್ಣ ಒರೆಸಿಕೊಂಡು ಹದಿನೈದು ನಿಮಿಷ ವರ್ತುಲದಲ್ಲಿ ಕೂರಿ. ಪಾತ್ರವಾಗಿ ಬೈದವರು ಸ್ವಂತ ಹೆಸರಿನಲ್ಲಿ ಬೈಸಿಕೊಂಡವರ ಜೊತೆ ಎರಡು ಮಾತಾಡಲಿ. ಆಟದ ಸಿಟ್ಟು ಮನೆಗೆ, ಮನೆಯ ಸಿಟ್ಟು ಆಟಕ್ಕೆ ಸೋರುವುದು ಉಂಟು; ಆಡುವವರು ಅದನ್ನು ಬ್ಲೀಡ್ ಎನ್ನುತ್ತಾರೆ. ಒಂದು ಜೋಡಿ ಗೆಳತಿಯರು ಹಿಂಗೇ ಮೂರು ತಿಂಗಳು ಮಾತು ಬಿಟ್ಟಿದ್ದರು, ರಾಜಮುದ್ರೆಗಾಗಿ.

ಆಮೇಲೆ ಇನ್ನೊಂದು ಕೆಲಸ. ಹಗಲುವೇಷದವರು ಊರಿನಲ್ಲಿ ದಿನಾ ಒಂದೊಂದು ವೇಷ ತೋರಿಸಿ, ಕಡೆಯ ದಿನ ಮನೆಮನೆಗೆ ಕಾಣಿಕೆ ಕೇಳಲು ಬರುತ್ತಿದ್ದರು. ಬಣ್ಣವಿಲ್ಲದ ಭೀಮನನ್ನು ಬಾಗಿಲಲ್ಲಿ ಕಂಡಾಗ ಚಿಕ್ಕಂದಿನಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ಈಗ ನಾವೂ ಸಾದಾ ಬಟ್ಟೆಯಲ್ಲಿ ಸ್ಟಾಲು ಸ್ಟಾಲಿಗೆ ಹೋಗಿ ಕೇಳುತ್ತೇವೆ: ನಮ್ಮಿಂದ ಏನು ತ್ರಾಸಾತು? ಒಂದು ನೋಟ್‌ಬುಕ್ಕು ಕೈಯಲ್ಲಿರಲಿ, ಎದುರಿಗೇ ಬರೆದುಕೊಳ್ಳಿ. "ಏನಿಲ್ರಿ, ಆರಾಮ" ಎಂದವರ ಹತ್ತಿರ ಇನ್ನೂ ಒಂದು ನಿಮಿಷ ನಿಲ್ಲಿ, ನಿಜವಾದ ದೂರು ಎರಡನೇ ಮಾತಿಗೆ ಬರುತ್ತದೆ. ಕಳೆದ ಸಲ ಕೀಚೈನು ಮಾರುವ ಒಬ್ಬ ಅಕ್ಕ ಮೊದಲು ಆರಾಮ ಎಂದವರು ಆಮೇಲೆ ಹೇಳಿದರು: "ನನ್ನ ಟೇಬಲ್ ಮುಂದ ನಿಂತು ನಿಮ್ಮ ರಾಣಿ ಅತ್ತಳ್ರಿ. ಅರ್ಧಾ ತಾಸು ಮಂದಿ ಆಕಿನ್ನ ನೋಡಿದ್ರು, ನನ್ನ ಮಾಲು ಒಬ್ರೂ ನೋಡ್ಲಿಲ್ಲ." ಈ ವರ್ಷದ ನಕ್ಷೆಯಲ್ಲಿ ಸ್ಟಾಲಿನ ಮುಂದೆ ಮೂರು ಹೆಜ್ಜೆಯಷ್ಟು ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿದ್ದೇವೆ. ಅಳುವವರು ಗೆರೆಯ ಈಚೆ.